ಹೋದವರ ಕನ್ನಡಕ

ನಮ್ಮ ಭಾಂಡುಪಿನ ಬಿಲ್ಡಿಂಗಿನಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಬರುತ್ತಿದ್ದವರು ಡಾಕ್ಟರು, ಅವರ ಬೆನ್ನಿಗೇ ಅಕ್ಕೋರು. ಡಾಕ್ಟರು ಜೀವ ಹೋಗಿದೆ ಎಂದು ಖಾತ್ರಿ ಮಾಡಿಕೊಂಡು ಹೊರಡುತ್ತಿದ್ದರು. ಅಕ್ಕೋರು ಹೋದವರ ಕನ್ನಡಕ ಎಲ್ಲಿದೆ ಎಂದು ನೋಡಿಕೊಂಡು ಕೂರುತ್ತಿದ್ದರು. ಹಾಗೆಂದು ಅವರದು ಮೊಸಳೆ ಕಣ್ಣೀರೇನೂ ಅಲ್ಲ. ಅಳುವವರನ್ನು ತಬ್ಬಿಕೊಂಡು, ಅವರಿಗಿಂತ ಜೋರಾಗಿಯೇ ಅಳುತ್ತಿದ್ದರು. ಆದರೆ ಅಳುವಾಗಲೂ ಅವರ ದೃಷ್ಟಿ ದಿಂಬಿನ ಪಕ್ಕ, ಟಿವಿಯ ಕೆಳಗೆ, ಕಿಟಕಿಯ ಕಟ್ಟೆಯ ಮೇಲೆ, ಹೀಗೆ ಮನುಷ್ಯರು ಕನ್ನಡಕ ತೆಗೆದಿಡುವ ಜಾಗಗಳಿಗೆಲ್ಲ ಒಂದು ಸುತ್ತು ಹೋಗಿ ಬರುತ್ತಿತ್ತು.

ಈ ಸಲದ ಮಳೆಗಾಲಕ್ಕೆ ಮುಂಚೆ ಅಕ್ಕೋರೇ ಹೋಗಿಬಿಟ್ಟರು. ಅವರ ಕನ್ನಡಕ ಈಗ ನನ್ನ ಮನೆಯಲ್ಲಿದೆ. ಇದನ್ನು ಬರೆಯುತ್ತಿರುವ ಟೇಬಲ್ಲಿನ ಮೇಲೆ, ಕಡ್ಡಿಗಳನ್ನು ಬಿಚ್ಚಿಕೊಂಡು, ಬಾಗಿಲ ಕಡೆ ಮುಖ ಮಾಡಿ ಕೂತಿದೆ. ಹಾಗೆ ಇಡುವುದನ್ನು ಕಲಿಸಿದವರೂ ಅವರೇ. ದೆವ್ವ ಭೂತ ನಂಬುವ ಪೈಕಿ ನಾನಲ್ಲ. ಆದರೂ ಅಡಿಗೆಮನೆಗೆ ಹೋಗಿ ಬರುವಾಗ ಅದರ ಮುಂದೆ ಹಾಯುವುದಿಲ್ಲ, ಹಿಂದಿನಿಂದ ಸುತ್ತಿಕೊಂಡು ಹೋಗುತ್ತೇನೆ.

ಅಕ್ಕೋರು ಎನ್ನುವುದು ಹೆಸರಲ್ಲ. ವಿಜಯಪುರದ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಆಯುಷ್ಯವೆಲ್ಲ ಕಲಿಸಿ, ನಿವೃತ್ತರಾಗಿ, ನಮ್ಮ ಬಿಲ್ಡಿಂಗಿನ ಮೊದಲ ಮಹಡಿಯಲ್ಲಿ ತಂಗಿಯ ಜೊತೆಗಿದ್ದರು. ಬಾಗಿಲ ಪಕ್ಕದ ಫಲಕದಲ್ಲಿ ಅವರ ಹೆಸರಿತ್ತು, ಆದರೆ ಅದರಿಂದ ಕರೆದವರನ್ನು ನಾನು ಕಂಡಿಲ್ಲ. ಹಾಗಾಗಿ ಇಲ್ಲಿಯೂ ಬರೆಯುವುದಿಲ್ಲ. ಮೈಸೂರಿನವಳಾದ ನನಗೆ ಮೊದಮೊದಲು ಅವರ ಮಾತು ಜಗಳದಂತೆ ಕೇಳಿಸುತ್ತಿತ್ತು. ಆಮೇಲೆ ಅದು ಪ್ರೀತಿ ಎಂದು ಗೊತ್ತಾಯಿತು. ಇನ್ನೂ ಸ್ವಲ್ಪ ದಿನ ಕಳೆದ ಮೇಲೆ, ಅದರಲ್ಲಿ ಅರ್ಧ ಜಗಳವೂ ಇದೆ ಎಂದು ಗೊತ್ತಾಯಿತು.

ಗಿಡ್ಡ ಆಳು, ಅಗಲ ಹಣೆ, ಹತ್ತಿ ಸೀರೆ. ಹೆಗಲಿನ ಬಟ್ಟೆಚೀಲದಲ್ಲಿ ಶಾಲೆಯ ಕಾಲದ ಪ್ಲಾಸ್ಟಿಕ್ ಅಳತೆಪಟ್ಟಿ. ಅವರಿಗೊಂದು ಅಭ್ಯಾಸವಿತ್ತು. ಮಾತಾಡುತ್ತಾ ಆಡುತ್ತಾ ಕೈ ಚಾಚಿ ಎದುರಿನವರ ಮುಖದಿಂದ ಕನ್ನಡಕವನ್ನು ತೆಗೆದುಬಿಡುವರು. ಕೇಳುವುದಿಲ್ಲ, ಹೇಳುವುದಿಲ್ಲ. ಸೆರಗಿನ ಅಂಚಿನಿಂದ ಎರಡೂ ಗಾಜು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಮೂಗಿನ ಮೇಲೆ ಕೂರಿಸುವರು. ಸೊಸೈಟಿಯ ಮೀಟಿಂಗಿನಲ್ಲಿ ಕೂಗಾಡುತ್ತಿದ್ದ ಸೆಕ್ರೆಟರಿಯ ಕನ್ನಡಕವನ್ನೂ ಹೀಗೇ ಕಿತ್ತುಕೊಂಡಿದ್ದರು. ಆತ ಕಣ್ಣು ಕಿರಿದು ಮಾಡಿಕೊಂಡು, ಮಾತು ಮರೆತು, ತಣ್ಣಗೆ ಕಾದು ನಿಂತ.

“ಇಷ್ಟ ಹೊಲಸಿನಾಗಿಂದ ನೋಡಿದ್ರ ಎಲ್ಲಾರೂ ಕಳ್ಳರ ಕಂಡಾರು,” ಎಂದು ಅವರು ಒರೆಸಿ ಕೊಟ್ಟರು.

ಸಾವಿನ ಮನೆಗಳಿಂದ ಕೇಳಿ ತಂದ ಕನ್ನಡಕಗಳನ್ನು ಅವರು ಮಾರುತ್ತಿರಲಿಲ್ಲ, ಮನೆಯಲ್ಲಿ ಪೇರಿಸಿಡುತ್ತಲೂ ಇರಲಿಲ್ಲ. ಭಾಂಡುಪಿನ ನಾಕಾದಲ್ಲಿ, ಎಂದರೆ ರಸ್ತೆಗಳು ಕೂಡುವ ಜಾಗದಲ್ಲಿ, ಬೆಳಿಗ್ಗೆ ಕೂಲಿಗಾಗಿ ನಿಲ್ಲುವ ಜನರಲ್ಲಿ ಅವರ ಊರ ಕಡೆಯವರು ಬಹಳ. ಗಾರೆ ಕೆಲಸದವರು, ಕಲ್ಲು ಹೊರುವವರು, ಮನೆಗೆಲಸದ ಹೆಂಗಸರು. ಬಸ್ಸಿನ ನಂಬರು ಕಾಣದೆ ಪಕ್ಕದವರನ್ನು ಕೇಳುವವರು, ಸೂಜಿಗೆ ದಾರ ಪೋಣಿಸಲಾಗದವರು ಅವರ ಕಣ್ಣಿಗೆ ದೂರದಿಂದಲೇ ಬೀಳುತ್ತಿದ್ದರು. ತರಗತಿಯಲ್ಲಿ ಹಿಂದಿನ ಬೆಂಚಿನವರನ್ನು ಗುರುತಿಸಿ ಗುರುತಿಸಿ ಅಂಟಿದ ಚಟ ಅದು. ಮೊದಲು ಕಣ್ಣಿನ ಪರೀಕ್ಷೆ ಮಾಡಿಸುವರು, ಆಮೇಲೆ ಆ ನಂಬರಿಗೆ ಹೊಂದುವ ಕನ್ನಡಕಕ್ಕಾಗಿ ಕಾಯುವರು. ಎಲ್ಲಿಂದ ಬರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಪರೀಕ್ಷೆಯ ಶಿಸ್ತು ಅವರಿಗೆ ಪೆಟ್ಟು ತಿಂದು ಬಂದದ್ದು. ಮೊದಲೊಮ್ಮೆ ಯಾರದೋ ದಪ್ಪ ಗಾಜನ್ನು ಅಂದಾಜಿನಲ್ಲಿ ನಮ್ಮ ವಾಚ್‌ಮನ್ನಿಗೆ ತೊಡಿಸಿದ್ದರು. ಆತ ಮೆಟ್ಟಿಲು ಇದೆ ಎಂದುಕೊಂಡ ಕಡೆ ಮೆಟ್ಟಿಲಿರಲಿಲ್ಲ. ಬಿದ್ದು ಮಣಿಕಟ್ಟು ಮುರಿದುಕೊಂಡ. ಅಕ್ಕೋರು ಅವನ ಮನೆಗೆ ವಾರಗಟ್ಟಲೆ ಊಟ ಹೊತ್ತರು. ಅಂದಿನಿಂದ ಸ್ಟೇಷನ್ ಪಕ್ಕದ ಕನ್ನಡಕದ ಅಂಗಡಿಯಲ್ಲಿ ಪ್ರತಿಯೊಂದು ಗಾಜನ್ನೂ ಯಂತ್ರಕ್ಕಿಟ್ಟು ನೋಡಿಸದೆ ಯಾರಿಗೂ ಕೊಡಲಿಲ್ಲ. ಆ ಅಂಗಡಿಯವನು ಇವರು ಮೆಟ್ಟಿಲು ಹತ್ತುವುದನ್ನು ಕಂಡ ಕೂಡಲೇ ಕೇಳುತ್ತಿದ್ದ, “ಬಾಯಿ, ಆಜ್ ಕೌನ್ ಗಯಾ?” ಇವತ್ತು ಹೋದವರು ಯಾರು ಎಂದು.

ಬಿಲ್ಡಿಂಗಿನ ಮುದುಕರಿಗೆ ಅವರನ್ನು ಕಂಡರೆ ಪ್ರೀತಿಯೂ ಇತ್ತು, ಅಳುಕೂ ಇತ್ತು. ಅಕ್ಕೋರು ಆರೋಗ್ಯ ವಿಚಾರಿಸಲು ಬಂದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತಮ್ಮ ಕನ್ನಡಕವನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಎರಡನೇ ಮಹಡಿಯ ಪೈ ಮಾಮನಂತೂ ಜ್ವರದಲ್ಲಿ ಮಲಗಿದ್ದವರು ಎದ್ದು ಕೂತು, “ಅಕ್ಕೋರೇ, ಇನ್ನೂ ಟೈಮ್ ಉಂಟು ಮಾರಾಯ್ರೆ,” ಎಂದಿದ್ದರು. ಅಕ್ಕೋರು ನಕ್ಕು, “ನಾ ಏನ್ ಅವಸರ ಮಾಡೇನಿ?” ಎಂದು ಅವರ ಕನ್ನಡಕ ತೆಗೆದು ಒರೆಸಿ ಕೊಟ್ಟರು. ಒರೆಸುವಾಗ ನಂಬರನ್ನೂ ಅಂದಾಜು ಮಾಡಿರಬೇಕು ಎಂದು ಪೈ ಮಾಮ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗಿದರು.

ಬದುಕಿರುವವರು ಹೊಸ ಕನ್ನಡಕ ಕೊಳ್ಳುವುದಕ್ಕೂ ಅಕ್ಕೋರು ಬೇಕು. ಅಂಗಡಿಯಲ್ಲಿ ಅವರು ಮಾಡುವ ಮೊದಲ ಕೆಲಸ ಕನ್ನಡಿಯನ್ನು ಬೋರಲು ಹಾಕುವುದು. “ಕನ್ನಡಿ ಬ್ಯಾಡ, ನನ್ನ ಕಡೆ ನೋಡು. ಈಗ ನಗು.” ನಕ್ಕಾಗ ಕೆನ್ನೆ ಉಬ್ಬಿ ಫ್ರೇಮನ್ನು ಎತ್ತಿದರೆ ಅದು ಬೇಡ. ಬಗ್ಗಿದಾಗ ಜಾರಿದರೆ ಬೇಡ. ಕಿವಿಯ ಹಿಂದೆ ಬೆರಳಾಡಿಸಿ, ಒತ್ತಿದ ಗುರುತು ಸಿಕ್ಕರೆ ಅದೂ ಬೇಡ. ಬಿಸಿಲಿನ ಕರಿಯ ಕನ್ನಡಕದ ವಿಷಯದಲ್ಲಂತೂ ಅವರು ಹುಲಿ. ಲೋಕಲ್ ರೈಲಿನಲ್ಲಿ ಗಾಗಲ್ ಮಾರಲು ಬಂದವನ ಕೈಯಿಂದ ನಾನೊಮ್ಮೆ ಒಂದನ್ನು ಎತ್ತಿಕೊಂಡಾಗ ಕೈಮೇಲೆ ಹೊಡೆದೇಬಿಟ್ಟರು.

“ಬರೇ ಕರೀ ಬಣ್ಣ ಬಳದದ್ದು ಅದು. ಅದನ್ನ ಹಾಕ್ಕೊಂಡ್ರ ಕಣ್ಣು ನೆರಳು ಬಂತಂತ ತಿಳಕೊಂಡು ಬಾಗಲಾ ಅಗಲ ತೆರೀತೈತಿ. ಕೆಟ್ಟ ಬಿಸಲೆಲ್ಲಾ ಸೀದಾ ಒಳಗ. ಅದರಕಿಂತ ಸೆರಗ ಹೊದ್ಕೊಂಡು ನಡಿ.”

ನಮ್ಮವರನ್ನು ಕರೆದುಕೊಂಡು ಬಾಂದ್ರಾಕ್ಕೆ ಹೋಗಿದ್ದು ಹೀಗೇ. ನಮ್ಮವರು ಎಂದರೆ ನನ್ನ ಗಂಡ. ಪವಾಯಿಯಲ್ಲಿ ಆಫೀಸು, ದಿನವೂ ಸ್ಕೂಟರ್ ಸವಾರಿ. ಸಂಜೆ ಮರಳುವಾಗ ಕೆರೆಯ ನೀರಿನ ಮೇಲಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು, ಮಾಮೂಲಿ ಕನ್ನಡಕದ ಜೊತೆಗೆ ಅದೇ ನಂಬರಿನ ಗಾಗಲ್ ಒಂದನ್ನೂ ಮಾಡಿಸಬೇಕೆಂದಿದ್ದರು. ದೊಡ್ಡ ಅಂಗಡಿಯೇ ಆಗಬೇಕು ಎಂಬ ಹಟ ಬೇರೆ. ಅಲ್ಲಿ ಗಂಡಸರ ಸಾಲಿನ ಫ್ರೇಮುಗಳೆಲ್ಲ ಅವರ ಸಣ್ಣ ಮುಖಕ್ಕೆ ಬಾಗಿಲ ಚೌಕಟ್ಟಿನಂತಾದವು. ಅಕ್ಕೋರು ಸುಮ್ಮನೆ ಎದುರಿನ ಸಾಲಿಗೆ ಹೋಗಿ ಜೇನು ಬಣ್ಣದ್ದೊಂದನ್ನು ತಂದು ಕೂರಿಸಿದರು.

“ಮ್ಯಾಡಮ್, ವೋ ಲೇಡೀಸ್ ಹೈ,” ಎಂದಳು ಅಂಗಡಿಯ ಹುಡುಗಿ.

“ಇರಲಿ ಬಿಡವಾ. ಮೂಗಿಗೇನ ಗಂಡು ಹೆಣ್ಣು ಇರತೈತಿ?” ಎಂದು ಅಕ್ಕೋರು ಅವಳಿಗೂ ಕನ್ನಡದಲ್ಲೇ ಹೇಳಿದರು. ಆಮೇಲೆ ನಮ್ಮವರ ಕಡೆ ತಿರುಗಿ, “ನಗು ತಮ್ಮಾ,” ಎಂದರು.

ನಮ್ಮವರು ನಕ್ಕರು. ಫ್ರೇಮು ಕದಲಲಿಲ್ಲ. ಅದೇ ಅಳತೆಯ ಕಪ್ಪು ಫ್ರೇಮಿನಲ್ಲಿ ಗಾಗಲ್ಲೂ ಆಯಿತು. ಚೀಟಿಯಲ್ಲಿದ್ದ ನಂಬರನ್ನು ಓದಿದ ಅಕ್ಕೋರ ಮುಖ ಅರಳಿತು. “ಎರಡೂ ಕಣ್ಣಿಗೆ ಒಂದ ನಂಬರ್, ಎಂಥಾ ಚಲೋ ನಂಬರ್ ಐತಿ ತಮ್ಮಾ ನಿಂದು! ಯಾರಿಗರೇ ಹೊಂದತೈತಿ.”

“ಏನಕ್ಕೋರೇ, ಈಗ್ಲೇ ಬುಕಿಂಗಾ?” ಎಂದರು ನಮ್ಮವರು. ಮೂವರೂ ಅಂಗಡಿಯಲ್ಲಿ ನಿಂತು ನಗಬಾರದಷ್ಟು ನಕ್ಕೆವು. ಲೇಡೀಸ್ ಫ್ರೇಮಿನ ಗುಟ್ಟನ್ನು ಆಫೀಸಿನಲ್ಲಿ ಯಾರಿಗೂ ಹೇಳಕೂಡದೆಂದು ರೈಲಿನಲ್ಲಿ ನನ್ನಿಂದ ಆಣೆ ಹಾಕಿಸಿಕೊಂಡರು.

ವರ್ಷ ತಿರುಗುವುದರೊಳಗೆ, ಒಂದು ಭಾನುವಾರದ ಬೆಳಿಗ್ಗೆ, ಪೇಪರ್ ಓದುತ್ತಾ ಕೂತವರು ಕೂತಲ್ಲೇ ಹೋದರು. ದೂರದ ದೃಷ್ಟಿಯಷ್ಟೇ ಮಂದವಾಗಿದ್ದ ಅವರು ಓದುವಾಗ ಕನ್ನಡಕ ತೆಗೆದಿಡುತ್ತಿದ್ದರು. ಜೇನು ಬಣ್ಣದ ಆ ಕನ್ನಡಕ ಟೀ ಲೋಟದ ಪಕ್ಕ ಮಡಚಿ ಕೂತಿತ್ತು. ಯೋಚನೆ ಮಾಡುವಾಗ ಎಡಗಡೆಯ ಕಡ್ಡಿಯ ತುದಿಯನ್ನು ಕಚ್ಚುವುದು ಅವರ ರೂಢಿ. ಅಲ್ಲಿ ಹಲ್ಲಿನ ಸಣ್ಣ ಸಣ್ಣ ಗುರುತುಗಳಿದ್ದವು.

ಅಕ್ಕೋರು ಬಂದರು. ಎಲ್ಲರ ಮನೆಯಲ್ಲಿ ಅತ್ತ ಹಾಗೆ ನನ್ನ ಮನೆಯಲ್ಲಿ ಜೋರಾಗಿ ಅಳಲಿಲ್ಲ. ನೇರ ಹೋಗಿ ಆ ಕನ್ನಡಕವನ್ನು ಎತ್ತಿ, ಒರೆಸಿ, ಕಡ್ಡಿಗಳನ್ನು ಬಿಚ್ಚಿ, ಗೋಡೆಯ ಗೂಡಿನಲ್ಲಿ ಬಾಗಿಲ ಕಡೆ ಮುಖ ಮಾಡಿ ಇಟ್ಟರು.

“ಮಡಚಿ ಇಡಬ್ಯಾಡ ತಂಗಿ. ಮಡಚಿದ್ರ ಕಣ್ಣ ಮುಚ್ಚಿದಂಗ. ಹನ್ನೊಂದ ದಿನ ಅವರಿಗಿನ್ನಾ ಹಾದಿ ನೋಡೂದಿರತೈತಿ.”

ಇದು ಯಾವ ಶಾಸ್ತ್ರ ಎಂದು ನಮ್ಮ ಕಡೆಯ ಪುರೋಹಿತರು ಮೂಗುಮುರಿದರು. ನಾನು ತೆಗೆಯಗೊಡಲಿಲ್ಲ. ಹನ್ನೊಂದನೆಯ ದಿನದವರೆಗೆ ಆ ಎರಡು ಗಾಜುಗಳು ಬಾಗಿಲನ್ನು ನೋಡುತ್ತಾ ಇದ್ದವು. ಬಂದವರೆಲ್ಲ ಹೊಸ್ತಿಲಲ್ಲಿ ಒಂದು ಗಳಿಗೆ ತಡೆದು, ತಲೆ ತಗ್ಗಿಸಿಕೊಂಡು ಒಳಗೆ ಬರುತ್ತಿದ್ದರು. ಹಾಲು ತರಲು ಹೋಗಿ ಮರಳಿದಾಗ ನಾನೂ ಅಲ್ಲೇ ನಿಲ್ಲುತ್ತಿದ್ದೆ. ಯಾರೋ ನನ್ನ ದಾರಿ ಕಾಯುತ್ತಿದ್ದಾರೆ ಎನ್ನಿಸುತ್ತಿತ್ತು. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ, ಹಿತವಾಗುತ್ತಿತ್ತು.

ಹನ್ನೊಂದನೆಯ ದಿನ ಎಡೆಯ ಪಕ್ಕ ಆ ಕನ್ನಡಕವನ್ನೂ ಇಟ್ಟು ಕೈಮುಗಿದ ಮೇಲೆ ನಾನೇ ಅದನ್ನು ಅಕ್ಕೋರ ಕೈಗೆ ಕೊಟ್ಟೆ. ಅವರು ಚೀಲಕ್ಕೆ ಹಾಕಿಕೊಂಡು ನನ್ನ ಮುಖ ನೋಡಿದರು.

“ಕರೇದು?”

“ಅದು ಬೇಡ ಅಕ್ಕೋರೇ.”

ಗಾಗಲ್ಲಿನಲ್ಲಿ ಇನ್ನೂ ಅವರ ಹೆಲ್ಮೆಟ್ಟಿನ ವಾಸನೆಯಿತ್ತು, ಬೆವರು ಮತ್ತು ಕೊಬ್ಬರಿ ಎಣ್ಣೆ. ಅದನ್ನು ಬೀರುವಿನಲ್ಲಿ ನನ್ನ ಸೀರೆಗಳ ನಡುವೆ ಇಟ್ಟುಕೊಂಡಿದ್ದೆ. ಅಕ್ಕೋರು ಒತ್ತಾಯಿಸಲಿಲ್ಲ. ಆದರೆ ಬಿಸಿಲುಗಾಲ ಶುರುವಾಯಿತೆಂದರೆ ಮೆಟ್ಟಿಲಲ್ಲಿ ಸಿಕ್ಕಾಗ, ನೆಂಟರನ್ನು ವಿಚಾರಿಸಿದಂತೆ ಕೇಳುವರು, “ಗಾಗಲ್ ಆರಾಮ ಐತೇನ ತಂಗಿ?” ಆರಾಮಿದೆ ಎನ್ನುತ್ತಿದ್ದೆ. “ಇರಲಿ, ಇರಲಿ,” ಎಂದು ಇಳಿದು ಹೋಗುವರು.

ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಕೊಟ್ಟವರಿಗೆ ಯಾರು ತೊಟ್ಟರೆಂದು ಹೇಳಬಾರದು, ತೊಟ್ಟವರಿಗೆ ಯಾರದೆಂದು ಹೇಳಬಾರದು. ಬೇರೆಯವರ ಮನೆಯ ಸಾವಿನಲ್ಲಿ ಈ ನಿಯಮ ನನಗೆ ಬಹಳ ಸರಿ ಎನ್ನಿಸಿತ್ತು. ನನ್ನ ಮನೆಯದಾದಾಗ ನುಂಗಲಾರದ ತುತ್ತಾಯಿತು. ಆ ಜೇನು ಬಣ್ಣದ ಕನ್ನಡಕ ಈ ಊರಿನಲ್ಲಿ ಯಾರದೋ ಮೂಗಿನ ಮೇಲೆ ಕೂತು ಓಡಾಡುತ್ತಿದೆ. ಒಂದೇ ಒಂದು ಸಲ ಅದನ್ನು ನೋಡಬೇಕು. ನಾನು ಕೇಳಿದ್ದು ಅಷ್ಟೇ.

“ಬ್ಯಾಡ,” ಎಂದರು ಅಕ್ಕೋರು. “ನೋಡಿದ್ರ ಅವರ ಮುಖ ನಿನಗ ಕಾಣಂಗಿಲ್ಲ, ಬರೇ ನಿಮ್ಮವರ ಚಷ್ಮಾ ಕಾಣತೈತಿ. ಪಾಪ, ಅವರೇನ ಮಾಡ್ಯಾರ?”

ಹಾಗಾಗಿ ನಾನೇ ಹುಡುಕತೊಡಗಿದೆ. ಮುಂಬಯಿಯಲ್ಲಿ ಗಂಡಸರ ಮುಖ ನೋಡುತ್ತಾ ತಿರುಗುವ ವಿಧವೆ ಎಂದರೆ ಏನು ಮರ್ಯಾದೆ ಉಳಿದೀತು ಹೇಳಿ. ಬಸ್‌ಸ್ಟಾಪಿನಲ್ಲಿ, ಪ್ಲ್ಯಾಟ್‌ಫಾರ್ಮಿನಲ್ಲಿ, ಎದುರಿನ ಲೋಕಲ್‌ನ ಕಿಟಕಿಗಳಲ್ಲಿ, ನಾಕಾದಲ್ಲಿ ಬುತ್ತಿ ಹಿಡಿದು ನಿಂತ ಕೂಲಿಯವರಲ್ಲಿ, ಎಲ್ಲೆಲ್ಲೂ ಆ ಬಣ್ಣವನ್ನೇ ಹುಡುಕುತ್ತಿದ್ದೆ. ಒಮ್ಮೆ ಭಾಂಡುಪ್ ಸ್ಟೇಷನ್ನಿನ ಸೇತುವೆಯ ಮೇಲೆ ಒಬ್ಬನ ಹಿಂದೆ ಈ ತುದಿಯಿಂದ ಆ ತುದಿಯವರೆಗೆ ಹೋದೆ. ಅವನು ಗಕ್ಕನೆ ನಿಂತು ತಿರುಗಿ, “ಮ್ಯಾಡಮ್, ಕುಛ್ ಕಾಮ್ ಹೈ?” ಎಂದ, ಏನಾದರೂ ಕೆಲಸವಿತ್ತಾ ಎಂದು. ಹತ್ತಿರದಿಂದ ನೋಡಿದರೆ ಬಣ್ಣವೂ ಬೇರೆ, ಆಕಾರವೂ ಬೇರೆ. ಟೈಮ್ ಎಷ್ಟು ಎಂದು ಕೇಳಿ ಬಚಾವಾದೆ. ನನ್ನ ಕೈಯಲ್ಲೇ ವಾಚಿತ್ತು.

ಅವತ್ತು ಸಂಜೆ ನೇರ ಅಕ್ಕೋರ ಮನೆಗೆ ಹೋಗಿ ರೇಗಿದೆ. ನಿಮ್ಮಿಂದ ಹುಚ್ಚಿಯಾದೆ, ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದೆ. ಅವರು ಕೋಪಿಸಿಕೊಳ್ಳಲಿಲ್ಲ. ಜೋಳದ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದವರು ಕೈ ತೊಳೆದು ಬಂದು ನನ್ನ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ತಮ್ಮ ತಾಯಿಯ ವಿಷಯ ಹೇಳಿದರು.

ಅವರ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಹಳೆ ಸೀರೆಗಳ ಕೌದಿ ಹೊಲಿಯಲು ಮಾತ್ರ ಕನ್ನಡಕ ಬೇಕಿತ್ತು. ಆಕೆ ತೀರಿಕೊಂಡಾಗ ಅಣ್ಣ ಬೂದಿಯ ಜೊತೆ ಅದನ್ನೂ ನೀರಿಗೆ ಬಿಡಲು ಹೊರಟಿದ್ದನಂತೆ. ಇವರು ಕಿತ್ತುಕೊಂಡು ನೆರೆಮನೆಯ ಹೆಂಗಸಿಗೆ ಕೊಟ್ಟರು, ಆಕೆಯೂ ಕೌದಿ ಹೊಲಿಯುವವಳೇ.

“ನಾಕ ದಿನಾ ಬಿಟ್ಟು ಅಕೀ ಮನೀ ಮುಂದ ಹಾದ್ನಿ. ಹೊಲಿಯಾಕತ್ತಿದ್ಲು. ನನ್ನ ಹೆಜ್ಜೀ ಸಪ್ಪಳಕ್ಕ ಮಾರಿ ಎತ್ತಿ, ಚಾಳೀಸಿನ ಮ್ಯಾಲಿಂದ ಹಿಂಗ ನೋಡಿದ್ಲು. ತಂಗಿ, ಅದು ನಮ್ಮವ್ವ. ಅಕೀ ಅಲ್ಲ, ನಮ್ಮವ್ವ ನೋಡಿದ್ದು.” ಅಕ್ಕೋರು ತಮ್ಮ ತೋಳನ್ನು ಉಜ್ಜಿಕೊಂಡರು. “ಓಡಿ ಬಂದು ಬಾಗಲಾ ಹಾಕ್ಕೊಂಡ್ನಿ. ಮರುದಿನಾ ಮತ್ತ ಹ್ವಾದ್ನಿ. ಅದರ ಮರುದಿನಾನೂ ಹ್ವಾದ್ನಿ. ಜನ ಇದಕ್ಕ ಸೇವಾ ಅಂತಾರ. ಸೇವಾನೂ ಇಲ್ಲ, ಏನೂ ಇಲ್ಲ. ನಂಗ ಆಶಾ. ಯಾರನ್ನೂ ಪೂರ್ತಿ ಹೋಗಾಕ ಬಿಡಬಾರದು ಅನ್ನೂ ಆಶಾ.”

ಕನ್ನಡಕವನ್ನು ನನ್ನ ಮೂಗಿನ ಮೇಲಿಟ್ಟು, “ಅದಕ್ಕ ನಿನಗ ಹೇಳೂದಿಲ್ಲ,” ಎಂದರು. “ಆ ಚಟಾ ನನಗ ಒಬ್ಬಾಕಿಗೇ ಸಾಕು.”

ಆಮೇಲೆ ನಾನು ಕೇಳಲಿಲ್ಲ. ಹುಡುಕುವುದನ್ನು ಬಿಟ್ಟೆ ಎಂದರೆ ಸುಳ್ಳಾಗುತ್ತದೆ.

ಅಕ್ಕೋರಿಗೆ ಮೊದಲಿನಿಂದಲೂ ಸಕ್ಕರೆ ಕಾಯಿಲೆ. ಈ ಬೇಸಿಗೆಯಲ್ಲಿ ಕಾಲಿನ ಗಾಯ ಮಾಯದೆ ಆಸ್ಪತ್ರೆ ಸೇರಿದರು. ನಾನು ನೋಡಲು ಹೋದಾಗ ಅವರ ಕನ್ನಡಕ ದಿಂಬಿನ ಪಕ್ಕದಲ್ಲಿತ್ತು. ನನ್ನ ಕಣ್ಣು ತಾನಾಗಿ ಅದರ ಮೇಲೆ ಹೋಯಿತು. ಅವರು ಅದನ್ನು ಕಂಡು ನಕ್ಕುಬಿಟ್ಟರು, “ಕಲತಿ ನೋಡು!” ಎಂದು. ಆಮೇಲೆ, “ನಂದು ಯಾರಿಗೂ ಹೊಂದೂದಿಲ್ಲ ತಂಗಿ, ಹಾಳ ನಂಬರ್ ಐತಿ. ನೀನ ಇಟ್ಕೊ,” ಎಂದರು. ಅದೇ ಅವರು ನನ್ನೊಡನೆ ಆಡಿದ ಕೊನೆಯ ಮಾತು.

ಅವರ ತಂಗಿ ಅಳುತ್ತಾ ಬಾಗಿಲು ತಟ್ಟಿದಾಗ ನಾನು ಕೆಳಗೆ ಹೋಗಿ ಮೊದಲು ಮಾಡಿದ ಕೆಲಸ, ಆಸ್ಪತ್ರೆಯಿಂದ ಬಂದ ಚೀಲದಲ್ಲಿ ಮಡಚಿಕೊಂಡಿದ್ದ ಅವರ ಕನ್ನಡಕವನ್ನು ಬಿಚ್ಚಿ ಬಾಗಿಲ ಕಡೆ ಇಟ್ಟಿದ್ದು. ಇನ್ನು ಆ ಜೇನು ಬಣ್ಣದ್ದು ಎಲ್ಲಿದೆ ಎಂದು ಹೇಳಬಲ್ಲ ಜೀವ ಈ ಭೂಮಿಯ ಮೇಲಿಲ್ಲ ಎಂಬುದು ಆಗ ಹೊಳೆಯಿತು. ಅಕ್ಕೋರಿಗಾಗಿ ಅತ್ತೆನೋ, ನನಗಾಗಿ ಅತ್ತೆನೋ, ಎರಡೂ ಒಂದಾಗಿ ಅಳು ಬಂತು.

ಹನ್ನೊಂದನೆಯ ದಿನದ ಊಟಕ್ಕೆ ತಂಗಿ ನಾಕಾದ ಜನರಿಗೂ ಹೇಳಿಕಳಿಸಿದ್ದರು. ಬೆಳಿಗ್ಗೆ ಕೆಲಸ ಬಿಟ್ಟು ಬಂದರು. ಒಬ್ಬರಲ್ಲ ಇಬ್ಬರಲ್ಲ, ಮೆಟ್ಟಿಲುದ್ದಕ್ಕೂ ಜನ. ನಾನು ಬಾಗಿಲಲ್ಲಿ ನಿಂತು ಬನ್ನಿ ಎನ್ನುತ್ತಿದ್ದೆ. ಕೆಳಗಿನಿಂದ ಹತ್ತಿ ಬರುತ್ತಿದ್ದ ಒಬ್ಬ ಗಾರೆ ಕೆಲಸದವನ ಮೂಗಿನ ಮೇಲೆ ಪೈ ಮಾಮನ ಅರ್ಧಚಂದ್ರದ ಕನ್ನಡಕವಿತ್ತು. ಪೈ ಮಾಮ ಹೋಗಿ ಎರಡು ಮಳೆಗಾಲ ಕಳೆದಿತ್ತು. ಅವನ ಹಿಂದೆ ಕಸ ಗುಡಿಸುವ ಹೆಂಗಸೊಬ್ಬಳು, ಅವಳ ಮುಖದ ಮೇಲೆ ತೀರಿಹೋದ ಮೂರನೇ ಮಹಡಿಯ ಕುಲಕರ್ಣಿ ಅಜ್ಜಿಯ ದಾರ ಕಟ್ಟಿದ ಕನ್ನಡಕ. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ನಮ್ಮ ಬಿಲ್ಡಿಂಗಿನಿಂದ ಇಳಿದು ಹೋದವರೆಲ್ಲ ಅದೇ ಮೆಟ್ಟಿಲು ಹತ್ತಿ ಅಕ್ಕೋರನ್ನು ನೋಡಲು ಬರುತ್ತಿದ್ದರು. ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ.

ಹಿಡಿದುಕೊಂಡೇ ಎಲ್ಲ ಗಂಡಸರ ಮುಖವನ್ನೂ ನೋಡಿದೆ. ಉಂಡೆದ್ದವರನ್ನು ನೋಡಿದೆ, ಕಾದು ನಿಂತವರನ್ನು ನೋಡಿದೆ. ನಮ್ಮವರು ಬಂದಿರಲಿಲ್ಲ.

ಕೊನೆಯ ಪಂಕ್ತಿ ಮುಗಿದ ಮೇಲೆ ಒಳಗೆ ಗೋಡೆಗೊರಗಿ ಕೂತೆ. ಯಾರೋ ನೀರಿನ ಲೋಟ ಮುಂದೆ ಹಿಡಿದರು. “ಕುಡೀರಿ ಅಕ್ಕಾ, ಬೆಳಗಿಂದ ನಿಂತೀರಿ.” ಪಾತ್ರೆ ತೊಳೆಯಲು ಕೈಗೂಡಿಸಿದ್ದ ಹೆಂಗಸು, ಮೂವತ್ತರ ಆಸುಪಾಸು, ಬಿಸಿಲಿಗೆ ಸುಟ್ಟ ಮುಖ. ಲೋಟ ತೆಗೆದುಕೊಂಡು ತಲೆ ಎತ್ತಿದೆ. ಜೇನು ಬಣ್ಣದ ಫ್ರೇಮು ಅವಳ ಮೂಗಿನ ಮೇಲೆ, ಅಲ್ಲೇ ಹುಟ್ಟಿದ ಹಾಗೆ ಕೂತಿತ್ತು. ಎಡಗಡೆಯ ಕಡ್ಡಿಯ ತುದಿ ಕಿವಿಯ ಹಿಂದಿನಿಂದ ಇಷ್ಟೇ ಇಷ್ಟು ಕಾಣುತ್ತಿತ್ತು.

ಮೂರು ವರ್ಷ ಗಂಡಸರ ಮುಖಗಳನ್ನೇ ನೋಡಿದ್ದೆ. ಅದನ್ನು ಲೇಡೀಸ್ ಸಾಲಿನಿಂದ ಎತ್ತಿ ತಂದಾಗ ನಾನು ಅಲ್ಲೇ ಇದ್ದೆ, ನಕ್ಕೂ ಇದ್ದೆ. ಗಂಡ ತೊಟ್ಟದ್ದು ಗಂಡಸಿಗೇ ಹೋಗಿರುತ್ತದೆ ಎಂದುಕೊಂಡಿದ್ದೆ. ಪ್ರತಿದಿನ ಲೋಕಲ್‌ನಲ್ಲಿ ಹೆಂಗಸರ ಬೋಗಿಯಲ್ಲಿ ಕೂತು, ಕಿಟಕಿಯಾಚೆ ಹುಡುಕಿದ್ದೆ.

“ಏನ್ರಿ, ಹಿಂಗ್ಯಾಕ ನೋಡ್ತೀರಿ?” ಎಂದಳು ಅವಳು.

“ಏನಿಲ್ಲ. ಹೆಸರೇನು ನಿನ್ನದು?”

“ಕಸ್ತೂರಿ ಅಂತ್ರಿ. ರಸ್ತಾದ ಕೆಲಸಕ್ಕ ಹೊಕ್ಕೀನಿ, ಪವಾಯಿ ಕಡೆ.”

“ಚೆನ್ನಾಗಿ ಕಾಣುತ್ತಾ ಈ ಕನ್ನಡಕದಲ್ಲಿ?”

“ಕಾಣತೈತ್ರಿ. ಅಕ್ಕೋರು ಕೊಟ್ಟಿದ್ದು.” ಅವಳು ಕಡ್ಡಿಯ ತುದಿಯನ್ನು ಹೆಬ್ಬೆರಳಿನಿಂದ ಸವರಿದಳು. “ಇಲ್ಲೆ ಯಾರೋ ಕಡದಾರ ನೋಡ್ರಿ. ಮೊದಲ ಹೇಸಿಗಿ ಬರತಿತ್ತು. ಈಗ ವಿಚಾರಕ್ಕ ಬಿದ್ನಿ ಅಂದ್ರ ಕೈ ತಾನ ಅಲ್ಲಿಗೆ ಹೋಗತೈತಿ.”

ನಾನು ನೀರು ಕುಡಿದೆ. ಹೇಳಿಬಿಡಬೇಕು ಎಂದು ಬಾಯಿಗೆ ಬಂತು. ಎದುರಿನ ಗೂಡಿನಿಂದ ಅಕ್ಕೋರ ಕನ್ನಡಕ ನೋಡುತ್ತಿತ್ತು. ಹೇಳಲಿಲ್ಲ.

“ಇದರ ಜೋಡಿ ಒಂದು ಕರೇದು ಐತಂತ್ರಿ,” ಎಂದಳು ಕಸ್ತೂರಿ, ಲೋಟ ಇಸಕೊಳ್ಳುತ್ತಾ. “ಇದ ನಂಬರ್. ಬಿಸಲಾಗ ಕಣ್ಣಿಂದ ನೀರ ಸುರೀತಾವ್ರಿ, ಇದನ್ನ ತಗದ್ರ ಏನೂ ಕಾಣಂಗಿಲ್ಲ, ಹಾಕ್ಕೊಂಡ್ರ ಬಿಸಲ ತಡಿಯಂಗಿಲ್ಲ. ಪ್ರತಿ ಬ್ಯಾಸಿಗ್ಗೂ ಕೇಳತಿದ್ನಿ ಅಕ್ಕೋರಿಗೆ, ಅದು ಬಂತೇನ್ರಿ ಅಂತ. ‘ಇಲ್ಲ, ಅದಿನ್ನಾ ಅಳಾಕತ್ತೈತಿ, ಅತ್ತು ಮುಗದ ಮ್ಯಾಲ ತಾನ ಬರತೈತಿ, ಅವಸರ ಮಾಡಬ್ಯಾಡ’ ಅಂತಿದ್ರು. ಚಷ್ಮಾ ಹೆಂಗ ಅಳತೈತ್ರಿ ಅಕ್ಕಾ? ಅಕ್ಕೋರ ಮಾತ ಅರ್ಥ ಆಗತಿದ್ದಿಲ್ಲ.” ಅವಳು ಗೂಡಿನ ಕಡೆ ನೋಡಿದಳು. “ಇನ್ನ ಅವರೂ ಇಲ್ಲ. ಇನ್ನೆಲ್ಲೀದು ಬರತೈತಿ.”

“ಇಲ್ಲೇ ಇರು. ಬಂದೆ,” ಎಂದೆ.

ನನ್ನ ಮನೆಗೆ ಹೋಗಿ ಬೀರು ತೆಗೆದೆ. ಸೀರೆಗಳ ನಡುವಿನಿಂದ ಗಾಗಲ್ ಎತ್ತಿ ಮೂಗಿಗೆ ಹಿಡಿದೆ. ಕೊಬ್ಬರಿ ಎಣ್ಣೆಯ ವಾಸನೆ ಹೋಗಿ ಎಷ್ಟು ಕಾಲವಾಗಿತ್ತೋ, ನನ್ನ ಸೀರೆಗಳ ನುಸಿಗುಳಿಗೆಯ ವಾಸನೆ ಮಾತ್ರ ಇತ್ತು. ಸೆರಗಿನಿಂದ ಎರಡೂ ಗಾಜು ಒರೆಸಿದೆ. ಮಡಚದೆ, ಕಡ್ಡಿ ಬಿಚ್ಚಿಕೊಂಡೇ ಹಿಡಿದು ಕೆಳಗೆ ತಂದೆ.

ಕಸ್ತೂರಿ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಹೊರಗೆ ಬಂದಳು. ಯಾರದು, ಎಲ್ಲಿತ್ತು ಎಂದು ಕೇಳಲಿಲ್ಲ. ಅಕ್ಕೋರು ಅವಳಿಗೂ ನಿಯಮ ಕಲಿಸಿದ್ದರು. ಬಿಲ್ಡಿಂಗಿನ ಗೇಟಿನ ಹತ್ತಿರ ಮಧ್ಯಾಹ್ನದ ಬಿಸಿಲು ಕಾಂಕ್ರೀಟಿನ ಮೇಲೆ ಸುಡುತ್ತಿತ್ತು. ಅಲ್ಲಿ ನಿಲ್ಲಿಸಿ, ಅವಳ ಕನ್ನಡಕವನ್ನು ನಾನೇ ತೆಗೆದು, ಗಾಗಲ್ಲನ್ನು ನಾನೇ ತೊಡಿಸಿದೆ. ಕಿವಿಯ ಹಿಂದೆ ಬೆರಳಾಡಿಸಿದೆ. ಎಲ್ಲೂ ಒತ್ತುತ್ತಿರಲಿಲ್ಲ.

“ನಗು,” ಎಂದೆ.

ನಕ್ಕಳು. ಫ್ರೇಮು ಕದಲಲಿಲ್ಲ.

“ಕಾಣುತ್ತಾ?”

ಅವಳು ಬಿಸಿಲನ್ನು ನೋಡಲಿಲ್ಲ, ರಸ್ತೆಯನ್ನು ನೋಡಲಿಲ್ಲ, ನನ್ನ ಕಡೆಗೇ ತಿರುಗಿದಳು. ಕರಿಯ ಗಾಜಿನ ಹಿಂದೆ ಯಾರ ಕಣ್ಣಿದೆ ಎಂದು ಹೊರಗಿನವರಿಗೆ ಕಾಣುವುದಿಲ್ಲ. ಸಂಜೆ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಗಾಗಲ್ ತೆಗೆಯುವ ಮುಂಚೆ ನಮ್ಮವರು ಇದೇ ಗೇಟಿನಲ್ಲಿ ನಿಂತು ಒಂದು ಸಲ ಮೇಲೆ ನೋಡುತ್ತಿದ್ದರು. ನಾನು ಕಿಟಕಿಯಲ್ಲಿ ಇದ್ದೇ ಇರುತ್ತಿದ್ದೆ.

“ಸ್ವಚ್ಛ ಕಾಣತೀರಿ,” ಎಂದಳು.

ನಾನು ಬೆಳಗಿನಿಂದ ಕೆದರಿಕೊಂಡಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿ, ಸೆರಗು ನೆಟ್ಟಗೆ ಮಾಡಿಕೊಂಡೆ.